ಎಷ್ಟಾತ್ರಿ?

ದಾವಣಗೆರೆಯಲ್ಲಿ ದುಡ್ಡು ಕೇಳಲು ನಾಚುವವನು ನಾನೊಬ್ಬನೇ ಇರಬೇಕು. ಇದು ವ್ಯಾಪಾರದ ಊರು. ಮಂಡಿಪೇಟೆಯ ದಲಾಲಿಯಿಂದ ಹಿಡಿದು ಸಂಜೆ ಗಾಡಿಯ ಮೇಲೆ ಮಿರ್ಚಿ-ಮಂಡಕ್ಕಿ ಕಟ್ಟಿಕೊಡುವ ಹುಡುಗನವರೆಗೆ ಎಲ್ಲರೂ ರೇಟನ್ನು ಎದೆ ಸೆಟೆಸಿ ಹೇಳುತ್ತಾರೆ. ಕೇಳಿದವರೂ ಅಷ್ಟೇ ನಿರಾಳವಾಗಿ ಅರ್ಧಕ್ಕೆ ಇಳಿಸುತ್ತಾರೆ. ಚೌಕಿಪೇಟೆಯಿಂದ ಚೌಕಾಸಿ ಮಾಡದೆ ತಂದ ಸೀರೆಗೆ ಮನೆಯಲ್ಲಿ ಮರ್ಯಾದೆ ಇಲ್ಲ. ಇಂಥ ಊರಿನ ಬ್ಯಾಂಕೊಂದರಲ್ಲಿ ನೌಕರಿಯ ಕಾಲವನ್ನೆಲ್ಲ ಬೇರೆಯವರ ದುಡ್ಡು ಎಣಿಸುತ್ತ ಕಳೆದವನು ನಾನು. ನಿವೃತ್ತಿಯಾದ ಮೇಲೆ ಪಡಸಾಲೆಯಲ್ಲಿ ಒಂದು ಮೇಜು ಹಾಕಿಕೊಂಡು ಇಂಕ್ ಪೆನ್ ರಿಪೇರಿಗೆ ಕೂತೆ. ಗಿರಾಕಿ ಎದ್ದು ನಿಂತು ಜೇಬಿಗೆ ಕೈ ಹಾಕಿ “ಎಷ್ಟಾತ್ರಿ?” ಅಂದರೆ ಬಾಯಿ ಕಟ್ಟಿಹೋಗುತ್ತಿತ್ತು. “ಇರ್ಲಿ ಬಿಡ್ರಿ, ಅದೇನ್ ಮಹಾ” ಎನ್ನುವುದು ರೂಢಿಯಾಗಿಬಿಟ್ಟಿತ್ತು. ಆಗೆಲ್ಲ ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಪೆನ್ನಿನ ಚಟ ಹರಿಹರದಲ್ಲಿ ಹತ್ತಿದ್ದು. ಅಪ್ಪ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್. ಆ ಕಾಲಕ್ಕೆ ಹರಿಹರದಲ್ಲಿ ‘ಫ್ಯಾಕ್ಟರಿ’ ಅಂದರೆ ಅದೇ. ಸೈರನ್ ಕೂಗಿದರೆ ಗಡಿಯಾರ ಇಲ್ಲದವರೂ ಅನ್ನಕ್ಕೆ ಇಡುತ್ತಿದ್ದರು. ಹೈಸ್ಕೂಲಿನಲ್ಲಿ ಎಲ್ಲರ ಜೇಬಿನಲ್ಲೂ ಇಂಕ್ ಪೆನ್ನು, ಎಲ್ಲರ ಜೇಬಿನ ಕೆಳಗೂ ನೀಲಿ ಕಲೆ. ಪರೀಕ್ಷೆಯ ನಡುವೆ ಇಂಕು ಮುಗಿದರೆ ಪಕ್ಕದವನು ಎರಡು ಹನಿ ಬೆಂಚಿನ ಮೇಲೆ ಉದುರಿಸಿ ಸಾಲ ಕೊಡುತ್ತಿದ್ದ. ಆ ಹನಿಗಳನ್ನು ನಿಬ್ಬಿನಿಂದ ಹೀರಿಸಿಕೊಂಡು ಮುಂದುವರಿಯಬೇಕು. ಕಕ್ಕುವ ಪೆನ್ನು, ಬರೆಯದ ಪೆನ್ನು, ಬರೆದರೂ ಕೊರೆಯುವ ಪೆನ್ನು ಎಲ್ಲವೂ ನನ್ನ ಹತ್ತಿರ ಬರುತ್ತಿದ್ದವು. ಅಪ್ಪನ ಬ್ಯಾಗಿನಲ್ಲಿದ್ದ ಸಣ್ಣ ಅರ, ಎಮರಿ ಕಾಗದದ ಚೂರು, ಅಮ್ಮನ ಹೊಲಿಗೆ ಡಬ್ಬಿಯ ರೇಷ್ಮೆ ದಾರ ಇವಿಷ್ಟೇ ನನ್ನ ಸಾಮಾನು. ಮರೆಯ ಹತ್ತಿರ ಸೋರಿದರೆ ದಾರ ಸುತ್ತಿ ಮೇಣ ತಿಕ್ಕುವುದು, ನಿಬ್ಬಿನ ಸೀಳು ಬಿಗಿಯಾಗಿದ್ದರೆ ಬ್ಲೇಡಿನ ತುದಿ ಆಡಿಸುವುದು, ನಾಲಗೆಯ ಗೀರಿನಲ್ಲಿ ಒಣಗಿ ಕೂತ ಇಂಕನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸುವುದು.

ನಿಬ್ಬಿನ ಅಡಿಗೆ ಇರುವ ಈ ನಾಲಗೆ ಬಹಳ ಬುದ್ಧಿವಂತಿಕೆಯ ವಸ್ತು. ಇಂಕು ಕೆಳಗಿಳಿಯಬೇಕಾದರೆ ಅಷ್ಟೇ ಗಾಳಿ ಮೇಲಕ್ಕೆ ಹೋಗಬೇಕು. ಒಂದೇ ಗೀರಿನಲ್ಲಿ ಇಂಕು ಇಳಿಯುತ್ತ ಗಾಳಿ ಏರುವಂತೆ ಮಾಡಿ 1884ರಲ್ಲಿ ಪೇಟೆಂಟ್ ಪಡೆದವನು ಲೂಯಿಸ್ ವಾಟರ್‌ಮನ್, ನ್ಯೂಯಾರ್ಕಿನ ಒಬ್ಬ ವಿಮಾ ಏಜೆಂಟ್. ಇಂಕು ಅರ್ಧಕ್ಕಿಂತ ಕೆಳಗಿಳಿದ ಪೆನ್ನು ಕಕ್ಕುವುದು ಯಾಕೆಂದು ನನಗೆ ಗೊತ್ತಾದದ್ದು ಪಿಯುಸಿಯ ಫಿಸಿಕ್ಸ್ ಪಾಠದಲ್ಲಿ: ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ನೂಕುತ್ತದೆ. ಅದು ತಿಳಿದ ಮೇಲೆ “ಪೆನ್ನು ತುಂಬಿಸಿಕೊಂಡು ಬರೀರಿ, ಅರ್ಧ ಖಾಲಿ ಬಿಡಬ್ಯಾಡ್ರಿ” ಎಂಬ ಒಂದೇ ಸಲಹೆಯಿಂದ ಎಷ್ಟೋ ಅಂಗಿಗಳನ್ನು ಉಳಿಸಿದ್ದೇನೆ. ಸಲಹೆಗೂ ದುಡ್ಡು ತೆಗೆದುಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು.

ಬ್ಯಾಂಕಿನಲ್ಲಿ ಲೆಡ್ಜರಿನ ಕಾಲ. ಕಂಪ್ಯೂಟರ್ ಬರುವ ತನಕ ನನ್ನ ಮೇಜಿನ ಡ್ರಾಯರಿನಲ್ಲಿ ವೋಚರಿಗಿಂತ ಪೆನ್ನುಗಳೇ ಹೆಚ್ಚು. ಮ್ಯಾನೇಜರರ ಪಾರ್ಕರ್, ಜವಾನರ ಹೀರೋ, ಗಿರಾಕಿಗಳು ಬಿಟ್ಟುಹೋದ ಅನಾಥ ಪೆನ್ನುಗಳು. ಆಮೇಲೆ ಬಾಲ್ ಪೆನ್ನು ಬಂತು, ಜೆಲ್ ಬಂತು. ಕೆಟ್ಟರೆ ಎಸೆಯುವುದೇ ರಿಪೇರಿ ಎಂಬ ಕಾಲ ಬಂತು. ನನ್ನ ಚಟ ಹಾರ್ಲಿಕ್ಸ್ ಬಾಟಲಿಗಳಿಗೆ ಸರಿಯಿತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ “ಇನ್ನೇನ್ರೀ, ಪೆನ್ನಿನ ಅಂಗಡಿ ಹಾಕ್ರಿ” ಅಂದರು. ಅವರು ತಮಾಷೆಗೆ ಅಂದದ್ದನ್ನು ಮಗಳು ನಿಜ ಮಾಡಿ, ಗೇಟಿಗೆ ಒಂದು ಬೋರ್ಡು ಬರೆಸಿ ತಗುಲಿಹಾಕಿದಳು.

ಇಲ್ಲೊಂದು ಮಾತು ಹೇಳಿಬಿಡಬೇಕು. ಹವ್ಯಾಸವನ್ನೇ ಉದ್ಯೋಗ ಮಾಡಿಕೊಳ್ಳಿ ಎಂದು ಈಗ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಪೆನ್ಷನ್ ಬರುವವನಿಗೆ ಅದು ಸುಲಭದ ಮಾತು. ಈ ಊರಿನ ಹೆಸರು ಹೊತ್ತ ಬೆಣ್ಣೆದೋಸೆ ಯಾರ ಹವ್ಯಾಸವೂ ಅಲ್ಲ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಬಳಿ ಹೊಟ್ಟೆಪಾಡಿಗೆ ರಾಗಿ ದೋಸೆ ಹುಯ್ಯತೊಡಗಿದರು, ಹತ್ತು ವರ್ಷದ ಮೇಲೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿ ಈಗಿನ ದೋಸೆಗೆ ಬಂದರು ಎನ್ನುವುದು ಊರಿನ ಮಾತು. ಆ ತಾಯಿ “ಇರ್ಲಿ ಬಿಡ್ರಿ” ಅನ್ನುತ್ತ ಕೂತಿದ್ದರೆ ಮಕ್ಕಳು ಉಪವಾಸ ಇರಬೇಕಾಗುತ್ತಿತ್ತು. ನನ್ನ ಸಂಕೋಚಕ್ಕೆ ಪ್ರತಿ ತಿಂಗಳು ಒಂದನೇ ತಾರೀಖಿನ ಬೆಂಬಲ ಇತ್ತು.

ಪುಕ್ಕಟೆ ಕೆಲಸಕ್ಕೆ ಬೆಲೆಯಿಲ್ಲ ಅನ್ನುತ್ತಾರೆ. ಅದು ಅಷ್ಟು ಸರಿಯಲ್ಲ. ಅದಕ್ಕೆ ಇರುವ ಬೆಲೆ ಬಹಳ ದುಬಾರಿ. ದುಡ್ಡು ಕೊಡದವರು ಬೇರೆ ಏನೇನೋ ಕೊಡುತ್ತಾರೆ. ಒಬ್ಬರು ಮಾವಿನಕಾಯಿ ತಂದು, ಉಪ್ಪಿನಕಾಯಿ ಹಾಕುವ ವಿಧಾನವನ್ನೂ ಕೂತು ಹೇಳಿಹೋದರು. ಇನ್ನೊಬ್ಬರು ಮಗನ ಮದುವೆಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ, “ಇವರು ನಮ್ಮ ಪೆನ್ ಡಾಕ್ಟ್ರು” ಎಂದು ಬೀಗರಿಗೆಲ್ಲ ಪರಿಚಯಿಸಿದರು. ಮರುವಾರ ಬೀಗರ ಕಡೆಯಿಂದ ಒಂದು ಚೀಲ ಪೆನ್ನು ಬಂತು. ಯಾರಿಗೂ ಇಲ್ಲ ಅನ್ನುವಂತಿಲ್ಲ, ತಡವಾಗುತ್ತದೆ ಅನ್ನುವಂತಿಲ್ಲ. ಅವರೂ ಚೆನ್ನಾಗಿಲ್ಲ ಅನ್ನುವಂತಿಲ್ಲ. ಪೆನ್ನು ಮಧ್ಯೆ ಮಧ್ಯೆ ನಿಂತರೂ “ಭಾಳ ಚಲೋ ಆಗೇತ್ರಿ” ಎಂದು ಹೊಗಳಿ, ಅದನ್ನು ಮನೆಯ ಶೋಕೇಸಿನಲ್ಲಿಟ್ಟು ಜೆಲ್ ಪೆನ್ನಿನಲ್ಲಿ ಬರೆಯುತ್ತಾರೆ. ಈ ದಾಕ್ಷಿಣ್ಯದಲ್ಲಿ ನನ್ನ ಕೈ ಕಲಿತದ್ದು ಏನೂ ಇಲ್ಲ.

ಮೊದಲು ಬೈದವರು ಮಂಡಿಪೇಟೆಯ ಒಬ್ಬ ಹಿರಿಯ ಗುಮಾಸ್ತರು. ಅವರ ಸಾಹುಕಾರರ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲೇ. ಆದರೂ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವೊಂದು ಗಾದಿಯ ಮೇಲೆ ಇರಲೇಬೇಕು. ದಿನಾ ಬೆಳಿಗ್ಗೆ ಅದರಲ್ಲಿ ತಾರೀಖು ಹಾಕಿ ಮೇಲೆ ‘ಶ್ರೀ’ ಬರೆಯುವುದು ಇವರ ಕೆಲಸ. ಪೆನ್ನು ಸರಿಮಾಡಿ ಕೊಟ್ಟಾಗ ಅವರು ಐವತ್ತು ರೂಪಾಯಿಯ ನೋಟನ್ನು ನನ್ನ ಮೇಜಿನ ಮೇಲಿಟ್ಟು, ನಾನು ಬಾಯಿ ತೆರೆಯುವ ಮೊದಲೇ ಮೆಟ್ಟಿಲು ಇಳಿದಿದ್ದರು. ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲು ಹತ್ತಿ ಬಂದು, “ಐವತ್ತು ರೂಪಾಯಿ ತಗಂಡೀರಿ. ಶ್ರೀ ಬರೆಯಾಕ ಮೂರು ಸಲ ಎಳೀಬೇಕಾತು. ಮುಂಜಾನೆ ಮುಂಜಾನೆ ಶ್ರೀ ಕಡಿದ್ರ ಹೆಂಗ್ರಿ?” ಅಂದರು.

ಅವರು ಬರೆಯುವುದನ್ನು ನಾನು ಕೂತು ನೋಡಿದೆ. ಇಷ್ಟು ದಿನ ನಿಬ್ಬನ್ನು ಪರೀಕ್ಷಿಸುತ್ತಿದ್ದುದು ಬ್ಯಾಂಕಿನ ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಸಹಿ ಹಾಕಿ. ಇಂಗ್ಲಿಷಿನ ಕೂಡಕ್ಷರ ಬಲಕ್ಕೆ ವಾಲಿಕೊಂಡು ಏರಿಳಿಯುತ್ತ ಹೋಗುತ್ತದೆ. ಕೈ ಹೆಚ್ಚಾಗಿ ನಿಬ್ಬನ್ನು ಎಳೆಯುತ್ತದೆ, ತಳ್ಳುವುದು ಕಡಿಮೆ. ಕನ್ನಡ ಹಾಗಲ್ಲ. ‘ಠ’ ಪೂರ್ತಿ ಒಂದು ಸುತ್ತು. ಒತ್ತಕ್ಷರ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ‘ಶ್ರೀ’ಯಲ್ಲಿ ಮೊದಲು ಸುತ್ತು, ಕೆಳಗೆ ರಕಾರದ ಬಾಗು, ಕೊನೆಗೆ ದೀರ್ಘದ ಕೊಂಡಿ. ಅಷ್ಟರೊಳಗೆ ನಿಬ್ಬು ಎಲ್ಲ ದಿಕ್ಕಿಗೂ ಒಮ್ಮೆ ಮುಖ ಮಾಡಿ ಬಂದಿರುತ್ತದೆ. ಎದುರುಮುಖವಾಗಿ ತಳ್ಳುವ ಆ ಗಳಿಗೆಯಲ್ಲಿ ತುದಿಯ ಅಂಚು ಕಾಗದದ ನಾರಿಗೆ ಸಿಕ್ಕಿ ಕರ್ ಅನ್ನುತ್ತದೆ, ಇಂಕು ಕಡಿಯುತ್ತದೆ. ಕಿರ್ದಿ ಪುಸ್ತಕದ ಒರಟು ಕಾಗದವಾದರೆ ಇನ್ನೂ ಹೆಚ್ಚು.

ಅಂದಿನಿಂದ ನಿಬ್ಬು ತೀಡುವ ಕ್ರಮವೇ ಬದಲಾಯಿತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಹಾಕಿಕೊಂಡು, ನಿಬ್ಬಿನ ಎರಡು ಹಲ್ಲೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಉಗುರಿನಿಂದ ಒತ್ತಿ ಸಮ ಮಾಡಬೇಕು. ಆಮೇಲೆ ನುಣುಪಾದ ಪಾಲಿಶ್ ಕಾಗದದ ಮೇಲೆ ಇಂಗ್ಲಿಷಿನ ಎಂಟನ್ನು ತಿದ್ದುತ್ತ ಹೋಗಬೇಕು, ಬರೆಯುವಷ್ಟೇ ಹಗುರವಾಗಿ. ತುದಿಯ ಆ ಸಣ್ಣ ಗುಂಡು ಗಟ್ಟಿ ಲೋಹದ್ದು. ಅದು ಸವೆದು ಹೋಯಿತೋ ಮುಗಿಯಿತು, ಮತ್ತೆ ಬರುವುದಿಲ್ಲ. ಎರಡು ಸುತ್ತು ಉಜ್ಜಿ ಒಮ್ಮೆ ಬರೆದು ನೋಡುವುದು, ಮತ್ತೆರಡು ಸುತ್ತು. ಹೊರಗಿನ ಅಂಚು ಎಲ್ಲ ಕಡೆ ಉರುಟಾಗಬೇಕು, ಆದರೆ ಸೀಳಿನ ಒಳಬದಿ ಉರುಟಾಗಬಾರದು; ಅಲ್ಲಿ ಉರುಟಾದರೆ ನಿಬ್ಬು ಬೆಣ್ಣೆಯಂತೆ ಜಾರುತ್ತದೆ, ಅಕ್ಷರದ ಮೊದಲ ಗೀಟೇ ಮೂಡುವುದಿಲ್ಲ. ಪರೀಕ್ಷೆಗೆ ಈಗ ನನ್ನದೊಂದು ಪಟ್ಟಿ ಇದೆ: ಠ, ಕ್ಷ, ಜ್ಞ, ಖ್ಯ, ಷ್ಟ್ರ, ಕೊನೆಗೆ ಋ. ಶಾಲೆ ಬಿಟ್ಟ ಮೇಲೆ ಋಣ, ಋತು ಬಿಟ್ಟರೆ ಋಕಾರದ ಕಡೆ ತಿರುಗಿ ನೋಡದಿದ್ದ ನಾನು ಈಗ ದಿನಕ್ಕೆ ಹತ್ತಾರು ಬರೆಯುತ್ತೇನೆ. ಋ ದಾಟಿದ ನಿಬ್ಬು ಏನನ್ನೂ ಬರೆಯಬಲ್ಲದು.

ಗುಮಾಸ್ತರು ಪೆನ್ನು ತೆಗೆದುಕೊಂಡು, ಶ್ರೀ ಬರೆದು, ಏನೂ ಹೇಳದೆ ಹೋದರು. ಆ ಐವತ್ತು ರೂಪಾಯಿ ಕೊಟ್ಟಿರದಿದ್ದರೆ ಅವರು ವಾಪಸ್ಸು ಬರುತ್ತಿರಲಿಲ್ಲ. ಬೈಯುವ ಹಕ್ಕನ್ನು ದುಡ್ಡು ಕೊಟ್ಟು ಕೊಂಡುಕೊಂಡಿದ್ದರು. ಆ ವ್ಯಾಪಾರದಲ್ಲಿ ಲಾಭ ನನ್ನದಾಯಿತು.

ಹೊಸ ಪೆನ್ನು ಮಾಡುವ ಯೋಚನೆ ಬಂದದ್ದು ಹರಿಹರದ ಚಿಕ್ಕಪ್ಪನಿಂದ. ನನಗಿಂತ ಹತ್ತೇ ವರ್ಷ ದೊಡ್ಡವರು, ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. ಶತಮಾನ ತಿರುಗುವ ಹೊತ್ತಿಗೆ ಕಾರ್ಖಾನೆ ನಿಂತಿತು. ಕೆಲವರು ಬೆಂಗಳೂರು, ಪುಣೆ ಅಂತ ಹೋದರು. ಚಿಕ್ಕಪ್ಪನಂಥವರು ಒಂದು ಹಳೆ ಲೇತ್ ಇಟ್ಟುಕೊಂಡು ಊರಲ್ಲೇ ಶೆಡ್ ಹಾಕಿದರು. ಬೇರೆ ಕಾರ್ಖಾನೆಗಳಿಗೆ ಪಿನ್ನು, ಬುಷ್ಷು, ಬೋಲ್ಟು ತಿರುಗಿಸಿಕೊಡುವ ಜಾಬ್ ವರ್ಕ್.

ಆ ಕಾರ್ಖಾನೆಯ ಮೂಲವೂ ಒಬ್ಬರ ಹುಚ್ಚೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಚಿತ್ರ ಬರೆಯುವ ಆಸೆಯಿಂದ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು, ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಹತ್ತುವುದಿಲ್ಲ ಎಂದು ಗೊತ್ತಾಗಿ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿದರು, ಅಲ್ಲಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದರು. ಮೇಷ್ಟ್ರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಅಣ್ಣ ರಾಮಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ತುಳಿಯುವುದನ್ನು ಹೇಳಿಕೊಡುವುದಕ್ಕೂ ದುಡ್ಡು ತೆಗೆದುಕೊಂಡರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರುತ್ತಿದ್ದುದರಿಂದ ಮೊದಲ ನೇಗಿಲು ಮಾರಲು ವರ್ಷಗಳೇ ಹಿಡಿದವಂತೆ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ, 1941ರಲ್ಲಿ ನಮ್ಮ ತುಂಗಭದ್ರೆಯ ದಡಕ್ಕೆ ಲೇತ್ ಮಾಡುವ ಕಾರ್ಖಾನೆ. ನಾನು ಈ ಕಥೆಯನ್ನು ಭಾವುಕನಾಗಿ ಹೇಳಿದರೆ ಚಿಕ್ಕಪ್ಪ ಒಂದೇ ಮಾತು ಹಿಡಿದುಕೊಳ್ಳುತ್ತಾರೆ: “ನೋಡಿದೇನ್ಲೇ, ಸೈಕಲ್ ಕಲಿಸಾಕೂ ರೊಕ್ಕ ತಗಂಡ್ರು. ಅದಕ್ಕ ಫ್ಯಾಕ್ಟ್ರಿ ಆತು.”

ಪೆನ್ನಿಗೆ ಬೇಕಾದದ್ದು ಎಬೊನೈಟ್. ರಬ್ಬರಿಗೆ ಗಂಧಕವನ್ನು ಧಾರಾಳವಾಗಿ ಸೇರಿಸಿ ಬೇಯಿಸಿದರೆ ಆಗುವ ಗಟ್ಟಿ ಸರಳು. ಇಂಕು ಅದನ್ನು ಏನೂ ಮಾಡುವುದಿಲ್ಲ, ಕೈಗೆ ತಣ್ಣಗೆ ಕೊರೆಯುವುದಿಲ್ಲ. ರಾಜಮಂಡ್ರಿಯ ಅಕ್ಕಸಾಲಿ ರತ್ನಂ ಸ್ವದೇಶಿಯ ಹುರುಪಿನಲ್ಲಿ ಪೆನ್ನು ಮಾಡಿ ಗಾಂಧೀಜಿಗೆ ಕಳಿಸಿದ್ದು, 1935ರಲ್ಲಿ ಗಾಂಧೀಜಿ ಅವರಿಗೆ ಕಾಗದ ಬರೆದದ್ದು ಪೆನ್ನಿನ ಮಂದಿಗೆ ಪುರಾಣದಷ್ಟೇ ಪರಿಚಯ. ಚಿಕ್ಕಪ್ಪ ಸರಳನ್ನು ಚಕ್ಕಿಗೆ ಕಚ್ಚಿಸಿ ಲೇತ್ ಬಿಟ್ಟರೆ ಉಕ್ಕಿನ ಸದ್ದಿಲ್ಲ. ಕಪ್ಪು ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಶೆಡ್ಡಿನ ತುಂಬ ಗಂಧಕದ ವಾಸನೆ. ಮೊದಲ ದಿನ ಚಿಕ್ಕಮ್ಮ ಸೆರಗು ಮೂಗಿಗೆ ಹಿಡಿದು ಬಂದು, “ಏನ್ ಸುಡಾಕ ಹತ್ತೀರಿ ಅಪ್ಪ-ಮಗ?” ಎಂದು ಕೇಳಿದರು. ಕ್ಯಾಪಿನ ಮರೆ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಸಡಿಲವಾದರೂ ಚಿಕ್ಕಪ್ಪ ಆ ತುಂಡನ್ನು ಡಬ್ಬಿಗೆ ಎಸೆಯುತ್ತಿದ್ದರು. ಯಾರಿಗೂ ಗೊತ್ತಾಗುವುದಿಲ್ಲ ಬಿಡಿ ಅಂದರೆ, “ನನಗ ಗೊತ್ತಾತಲ್ಲ” ಎನ್ನುತ್ತಿದ್ದರು.

ಬೆಲೆ ಕಟ್ಟಿದವರೂ ಅವರೇ. ಒಂದು ರಟ್ಟಿನ ಮೇಲೆ ಸರಳು, ನಿಬ್ಬು, ಕ್ಲಿಪ್ಪು, ಕರೆಂಟು, ಟೂಲ್ ಮಸೆಯುವುದು, ಕೆಟ್ಟುಹೋಗುವ ತುಂಡುಗಳು, ಲೇತ್ ಓಡಿದ ಗಂಟೆ ಎಂದು ಬರೆದರು. ಕೊನೆಯ ಸಾಲಿನಲ್ಲಿ ‘ನಿಬ್ ಕೆಲಸ’ ಎಂದು ಬರೆದು ಎದುರಿಗೆ ಜಾಗ ಬಿಟ್ಟು ಪೆನ್ನು ನನಗೆ ಕೊಟ್ಟರು. ನಾನು ಸೊನ್ನೆ ಹಾಕಿದೆ.

“ಅಲ್ಲಲೇ, ನೀನು ಬ್ಯಾಂಕಿನ್ಯಾಗ ಸೊನ್ನೆ ಪಗಾರಕ್ಕ ದುಡಿದೇನು?”

“ಅದು ನೌಕರಿ ಚಿಕ್ಕಪ್ಪಾ. ಇದು ಖುಷಿಗೆ.”

“ಹಂಗಾರ ನನ್ನ ಗಂಟೀನೂ ಸೊನ್ನೆ ಮಾಡು. ನನಗೂ ಖುಷಿನೇ ಐತಿ.”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ದಾನಶೂರನಾದರೆ ಪಕ್ಕದಲ್ಲಿ ದುಡಿಯುವವನೂ ದಾನ ಮಾಡಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಸೊನ್ನೆ ಹೊಡೆದು ಇನ್ನೂರೈವತ್ತು ಬರೆದೆ. ಅವರು ಅದನ್ನು ಹೊಡೆದು ನಾನೂರು ಮಾಡಿದರು. ಪೆನ್ನಿನ ಬೆಲೆ ಸಾವಿರದ ಎಂಟುನೂರಕ್ಕೆ ನಿಂತಿತು. ಮಗಳು ರಿಪೇರಿ ದರದ ಪಟ್ಟಿಯನ್ನೂ ಅಚ್ಚು ಹಾಕಿಸಿ ಮೇಜಿನ ಮೇಲೆ ಗಾಜಿನಡಿ ಇಟ್ಟಳು. ಈಗ “ಎಷ್ಟಾತ್ರಿ?” ಅಂದರೆ ನಾನು ಮಾತಾಡಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ಪರಿಚಯದವರಲ್ಲಿ ಅರ್ಧ ಜನ ಬರುವುದು ಬಿಟ್ಟರು. ಅವರ ಜೊತೆ ಈಗ ಕುಂದುವಾಡ ಕೆರೆಯ ವಾಕಿಂಗಿನಲ್ಲಿ ಮಳೆ-ಬೆಳೆಯ ಮಾತಾಡುತ್ತೇನೆ, ಪೆನ್ನಿನ ಮಾತಿಲ್ಲ; ಸ್ನೇಹ ಮೊದಲಿಗಿಂತ ಚೆನ್ನಾಗಿದೆ.

ಸರ್ಕಾರಿ ಕಾಗದದ ಕೆಲಸ ಅಂದುಕೊಂಡಷ್ಟಿರಲಿಲ್ಲ. ಉದ್ಯಮ್ ನೋಂದಣಿ ಆಧಾರ್ ನಂಬರಿನ ಮೇಲೆ ಪುಕ್ಕಟೆ ಆಗುತ್ತದೆ. ಜಿಎಸ್‌ಟಿಯ ವಿಷಯಕ್ಕೆ ಆಡಿಟರ್ ಹುಡುಗ ಹೇಳಿದ್ದು ಮಜವಾಗಿದೆ. ಬರೀ ಸಾಮಾನು ಮಾರುವವನಿಗೆ ವರ್ಷಕ್ಕೆ ನಲವತ್ತು ಲಕ್ಷದ ತನಕ ನೋಂದಣಿ ಬೇಡ, ಆದರೆ ರಾಜ್ಯದ ಗಡಿ ದಾಟಿ ಮಾರಿದರೆ ಒಂದೇ ಪೆನ್ನಾದರೂ ಬೇಕು. ರಿಪೇರಿ ಅನ್ನುವುದು ಸೇವೆ. ಇಪ್ಪತ್ತು ಲಕ್ಷದ ಒಳಗಿದ್ದರೆ ಗಡಿಯ ತಂಟೆ ಇಲ್ಲ. ಅಂದರೆ ಸೊಲ್ಲಾಪುರದ ಕನ್ನಡ ಮೇಷ್ಟ್ರೊಬ್ಬರ ಹಳೆ ಪೆನ್ನು ನನ್ನ ಹತ್ತಿರ ಬಂದು ಸರಿಯಾಗಿ ಹೋಗಬಹುದು. ನನ್ನ ಹೊಸ ಪೆನ್ನು ಅವರ ಮನೆಗೆ ಹೋಗುವಂತಿಲ್ಲ. ಅವರು ವಿಜಯಪುರದ ತಂಗಿಯ ಮನೆಗೆ ಬಂದಾಗ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.

ಕಳೆದುಕೊಂಡದ್ದೂ ಇದೆ. ಮೊದಲು ಮನಸ್ಸಿಗೆ ಬಂದ ಪೆನ್ನನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಯಾವುದೋ ಹಳೆಯ ಪೆನ್ನಿನ ಕ್ಲಿಪ್ಪನ್ನು ತಿಂಗಳುಗಟ್ಟಲೆ ಸುಮ್ಮನೆ ತಿರುಗಿಸಿ ನೋಡುತ್ತ ಕೂರಬಹುದಿತ್ತು. ಈಗ ಮೊದಲು ಬಂದದ್ದು ಮೊದಲು. ಅಗ್ಗದ ಪ್ಲಾಸ್ಟಿಕ್ ಪೆನ್ನಾದರೂ ಪಟ್ಟಿಯ ದರ ಕೊಟ್ಟ ಮೇಲೆ ಅದೂ ಗಿರಾಕಿಯೇ. ಹಾರ್ಲಿಕ್ಸ್ ಬಾಟಲಿಯಲ್ಲಿರುವ ನನ್ನ ಸ್ವಂತದ ಪೆನ್ನುಗಳು ಹಾಗೇ ಇವೆ. ದುಡ್ಡು ಕೊಡದ ಗಿರಾಕಿ ಈಗ ನಾನೊಬ್ಬನೇ. ಸಂಜೆ ಕಣ್ಣು ಉರಿಯುತ್ತದೆ. ಆದರೂ ಹವ್ಯಾಸ ದಂಧೆಯಾದರೆ ಸತ್ತಂತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನದು ಬಾಟಲಿಯಲ್ಲಿ ಮುಚ್ಚಿಟ್ಟು ಆಗಲೇ ಅರ್ಧ ಸತ್ತಿತ್ತು.

ಈ ವರ್ಷ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗನೊಬ್ಬ ಹತ್ತಿಕೊಂಡಿದ್ದಾನೆ. ನಿಬ್ಬಿನ ತುದಿಯನ್ನು ಮೇಲಕ್ಕೆ ಬಾಗಿಸಿದರೆ ಒಂದೇ ಪೆನ್ನಿನಲ್ಲಿ ದಪ್ಪ, ಸಣ್ಣ ಎರಡೂ ಗೀಟು ಬರುತ್ತವೆ. ಕುಂಚದಂತೆ ಅಕ್ಷರ ಬರೆಯುವವರಿಗೆ ಅದು ಬೇಕು. ಮೊದಲು ಬಾಗಿಸಿಕೊಡಿ ಎಂದು ಬಂದವನು ಆಮೇಲೆ ಕಲಿಸಿಕೊಡಿ ಅಂದ. ಭಾನುವಾರ ಬಾ, ಫೀಸು ಗೀಸು ಏನೂ ಬೇಡ ಅಂದೆ. ಚಿಕ್ಕಪ್ಪನಿಗೆ ಸುದ್ದಿ ಹೋಯಿತು. “ಪುಕ್ಕಟೆ ಕಲಿಯೋನು ಮೂರನೇ ವಾರ ಬರಂಗಿಲ್ಲ. ಏನಾರ ತಗ” ಎಂದು ಫೋನಿನಲ್ಲೇ ಗದರಿದರು. ಹುಡುಗನ ಹತ್ತಿರ ದುಡ್ಡು ಎಲ್ಲಿಯದು? ಆದರೆ ಅವನು ದಿನಾ ಹರಿಹರದಿಂದ ಬಸ್ಸಿನಲ್ಲಿ ಓಡಾಡುವವನು. ಕೊನೆಗೆ ಹೀಗೆ ಗೊತ್ತಾಯಿತು: ಚಿಕ್ಕಪ್ಪ ತಿರುಗಿಸಿದ ಪೆನ್ನುಗಳನ್ನು ಶೆಡ್ಡಿನಿಂದ ಇಲ್ಲಿಗೆ ತಂದುಕೊಡುವುದು, ನಾನು ಒಲ್ಲೆ ಅಂದದ್ದನ್ನು ವಾಪಸ್ಸು ಒಯ್ಯುವುದು, ಆ ಹೊತ್ತಿನ ಬೈಗುಳ ಎರಡೂ ಕಡೆ ಕೇಳಿಸಿಕೊಳ್ಳುವುದು. ಅದೇ ಫೀಸು.

ಮೂರನೇ ವಾರವೂ ಬಂದ, ಆರನೇ ವಾರವೂ ಬಂದ. ಕೈ ಚುರುಕಾಗಿದೆ, ಸಮಾಧಾನ ಸಾಲದು, ನಾಲ್ಕು
ಒಳ್ಳೆಯ ನಿಬ್ಬುಗಳ ತುದಿಯನ್ನು ಸಲೀಸಾಗಿ ಉಜ್ಜಿ ಮುಗಿಸಿದ್ದಾನೆ. ಅವನ ಫೀಸಿನಲ್ಲಿ ಹಿಡಿ ಎಂದು ಚಿಕ್ಕಪ್ಪನ ತೀರ್ಪು. ಫೀಸೇ ದುಡ್ಡಲ್ಲದಿರುವಾಗ ಹಿಡಿಯುವುದು ಏನನ್ನು, ಆ ನಾಲ್ಕು ನಿಬ್ಬುಗಳನ್ನು ಯಾವ ಖಾತೆಗೆ ಬರೆಯುವುದು? ಆಡಿಟರ್ ಹುಡುಗನನ್ನು ಕೇಳಬೇಕು. ಅವನ ಫೀಸಿನ ಪಟ್ಟಿ ನನ್ನದಕ್ಕಿಂತ ಉದ್ದ ಇದೆ.